ಬಚ್ಚಲೊಲೆಯ ಮೊಟ್ಟೆ

ಯಲ್ಲಾಪುರದಲ್ಲಿ ನಮ್ಮ ಮನೆ ಎಲ್ಲಿ ಎಂದು ಕೇಳಿದರೆ ಜನ ಹೋಟೆಲಿನ ಹಿಂದೆ ಎನ್ನುತ್ತಿದ್ದರು. ನಮ್ಮ ಲೆಕ್ಕದಲ್ಲಿ ಹೋಟೆಲೇ ಮನೆಯ ಮುಂದಿತ್ತು. ಹುಬ್ಬಳ್ಳಿ ಕಡೆಯಿಂದ ಬಂದು ಘಟ್ಟ ಇಳಿಯುವ ಲಾರಿಗಳು ಚಾ ಕುಡಿಯಲು ನಿಲ್ಲುವ ಜಾಗ ಅದು. ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿದರೆ ಬೆಂಚುಗಳು, ಗೋಡೆಯ ಮೇಲೆ ದೇವರ ಕ್ಯಾಲೆಂಡರುಗಳು, ಬಾಗಿಲ ಪಕ್ಕದಲ್ಲಿ ಅಪ್ಪ ಕೂರುವ ಗಲ್ಲಾ, ಅದರ ಮೇಲೆ ತೂಗುಹಾಕಿದ ಬಾಳೆಗೊನೆ. ಹೊರಗಿನ ಬೋರ್ಡಿನಲ್ಲಿ ‘ಶುದ್ಧ ಶಾಕಾಹಾರಿ ಫಲಾಹಾರ ಮಂದಿರ’ ಎಂದು ಬರೆಸಿತ್ತು. ‘ಶುದ್ಧ’ ಎಂಬ ಅಕ್ಷರಗಳು ಉಳಿದವಕ್ಕಿಂತ ಒಂದು ಸುತ್ತು ದಪ್ಪ. ಬೆಂಚುಗಳ ಆಚೆ ಒಂದು ಪರದೆ, ಪರದೆಯ ಹಿಂದೆ ಅಡಿಗೆಮನೆ. ಹೋಟೆಲಿಗೂ ಮನೆಗೂ ಅದೊಂದೇ ಅಡಿಗೆಮನೆ. ಅಲ್ಲಿಂದ ಹಿಂದಕ್ಕೆ ದೇವರ ಕೋಣೆ, ನಾವು ಮಲಗುವ ನಡುಮನೆ, ಹಿತ್ತಿಲ ಜಗಲಿ. ಹಿತ್ತಿಲಂಗಳ ದಾಟಿದರೆ ಬೇರೆ ಮಾಡಿನ ಬಚ್ಚಲುಮನೆ. ಮುಂದಿನದೆಲ್ಲ ಅಪ್ಪನ ಆಳ್ವಿಕೆ, ಅಡಿಗೆಮನೆ ಅಜ್ಜಿಯದು. ನನ್ನ ತಾಯಿಗೆ, ಅಂದರೆ ನಾವು ಆಯಿ ಎಂದು ಕರೆಯುತ್ತಿದ್ದವಳಿಗೆ, ಪರದೆಯಿಂದ ಬಚ್ಚಲವರೆಗೆ ಓಡಾಡುವ ಕೆಲಸವಿತ್ತು. ಇದು ನನ್ನದು ಎಂದು ಕೈಯಿಟ್ಟು ಹೇಳಲು ಒಂದು ಮೂಲೆಯೂ ಇರಲಿಲ್ಲ. ಪರದೆ ಸರಿಸಿ ಅವಳು ಮುಂದೆ ಬಂದದ್ದನ್ನು ನಾನು ನೋಡಿರಲಿಲ್ಲ. ಬಾಳೆಹಣ್ಣು ಕಲಸಿ ಕರಿದ ಬನ್ಸು ತುಂಬಿದ ತಾಟು ಹಿಡಿದ ಅವಳ ಕೈ ಮಾತ್ರ ಹೊರಗೆ ಬರುತ್ತಿತ್ತು. ಎಷ್ಟೋ ಗಿರಾಕಿಗಳು ಹತ್ತಾರು ವರ್ಷ ಅವಳ ಕೈಯಡಿಗೆ ಉಂಡವರು, ಮುಖ ಕಂಡವರಲ್ಲ.

ಯಾರಿಗೆ ಯಾರ ಮೇಲೆ ಎಷ್ಟು ಪ್ರೀತಿ ಎಂದು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಹೇಳುವ ಪದ್ಧತಿಯೇ ಇರಲಿಲ್ಲ. ಬಡಿಸುತ್ತಿದ್ದರು. ಬೇಡ ಎಂದವರಿಗೆ ಇನ್ನೊಂದು, ಸಾಕು ಎಂದು ಕೈ ಅಡ್ಡ ಹಿಡಿದವರಿಗೆ ಆ ಕೈಯ ಸಂದಿಯಿಂದ ಮತ್ತೊಂದು. ಅಜ್ಜಿಯ ಪ್ರಕಾರ ಒಂದು ಸಲ ಹೇಳಿದ ‘ಬೇಡ’ ಮರ್ಯಾದೆಗೆ ಹೇಳಿದ್ದು, ಎರಡನೆಯದು ನಾಚಿಕೆಗೆ, ಮೂರನೆಯದನ್ನು ಬೇಕಾದರೆ ನಂಬಬಹುದು. ಉಣ್ಣುವಾಗ ಯಾರಾದರೂ ನೋಡುತ್ತ ನಿಂತರೆ ಅವರಿಗೆ ಕೊಡದೆ ತುತ್ತು ಎತ್ತಬಾರದು ಎಂಬುದು ಇನ್ನೊಂದು ಕಟ್ಟಳೆ. ಕಾಗೆ ನೋಡಿದರೆ ಕಾಗೆಗೆ, ದನ ನೋಡಿದರೆ ದನಕ್ಕೆ. ಅಪ್ಪನೂ ಅದೇ ಅಚ್ಚಿನವನು. ಗಿರಾಕಿ ಏನೇ ಹೇಳಿದರೂ ‘ಹೌದು ಹೌದು’ ಎನ್ನುತ್ತಿದ್ದ. ಒಬ್ಬ ಬಂದು ಈ ಸಲ ಚಳಿ ಜೋರು ಎಂದರೂ ಹೌದು, ಅವನು ಎದ್ದ ಬೆಂಚಿನಲ್ಲೇ ಇನ್ನೊಬ್ಬ ಕೂತು ಈ ಸಲ ಚಳಿಯೇ ಇಲ್ಲ ಎಂದರೂ ಹೌದು. ನನಗೆ ಆ ವಯಸ್ಸಿನಲ್ಲೇ ಅದು ಸಿಟ್ಟು ಬರಿಸುತ್ತಿತ್ತು. ಅಪ್ಪನಿಗೆ ಸ್ವಂತ ಅಭಿಪ್ರಾಯ ಎಂಬುದು ಇದೆಯೋ ಇಲ್ಲವೋ ಎಂದು ನಾನು ಗಂಭೀರವಾಗಿ ಯೋಚಿಸಿದ್ದುಂಟು.

ನಾಯಿ ಬೇಕು ಎಂದವಳು ಆಯಿ. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಹೆಗ್ಗರಣೆ ಹತ್ತಿರದ ಅವಳ ತವರಿನಲ್ಲಿ ಯಾವಾಗಲೂ ನಾಯಿಯಿರುತ್ತಿತ್ತಂತೆ. ಶಾಲೆಗೆ ಹೋಗುವಾಗ ಕಾಡಿನ ದಾರಿ ಮುಗಿಯುವವರೆಗೂ ಜೊತೆಗೆ ಬಂದು, ಅವಳು ಶಾಲೆಯ ಗೇಟು ದಾಟಿದ ಮೇಲೆ ತಿರುಗಿ ಹೋಗುತ್ತಿತ್ತಂತೆ. ಈ ಕಥೆಯನ್ನು ಅವಳು ನನಗೆ ಹೇಳಿದ್ದಳೇ ಹೊರತು ಅಪ್ಪನಿಗಲ್ಲ. ಅಪ್ಪನಿಗೆ ಹೇಳಿದ್ದು ಮಂಗನ ಕಾರಣ. ನಮ್ಮ ಬಾಳೆಗೊನೆಗೆ ಮಂಗಗಳ ಕಾಟ ವಿಪರೀತ. ಅಪ್ಪ ಚಿಲ್ಲರೆ ಎಣಿಸಲು ತಲೆ ತಗ್ಗಿಸಿದರೆ ಸಾಕು, ಮಾಡಿನಿಂದ ಒಂದು ಕೈ ಇಳಿಯುತ್ತಿತ್ತು. ಬಾಳೆಹಣ್ಣಿಲ್ಲದೆ ಬನ್ಸಿಲ್ಲ, ಬನ್ಸಿಲ್ಲದೆ ನಮ್ಮ ಹೋಟೆಲಿಲ್ಲ. ಹಾಗಾಗಿ ಒಂದು ಸಂತೆಯ ದಿನ, ಮಾಗೋಡಿನಿಂದ ಬರುತ್ತಿದ್ದ ಪರಿಚಯದವರೊಬ್ಬರು ಹೆಡಿಗೆಯಲ್ಲಿ ಹುಲ್ಲು ಹಾಸಿ ಒಂದು ಮರಿ ತಂದರು. ನಾಯಿಮರಿಯನ್ನು ಬಿಟ್ಟಿ ತೆಗೆದುಕೊಂಡರೆ ಮನೆಗೆ ಹೊಂದುವುದಿಲ್ಲ ಎಂದು ಅಜ್ಜಿ ಅದರ ತಾಯಿಯ ಮನೆಗೆ ಒಂದು ತೆಂಗಿನಕಾಯಿಯನ್ನೂ ಒಂದು ಅಚ್ಚು ಬೆಲ್ಲವನ್ನೂ ಕಳಿಸಿದಳು. ಮರಿ ಕಂದು ಬಣ್ಣ, ಎದೆಯ ಮೇಲೆ ಬಿಳಿ ಪಟ್ಟೆ. ಕಣ್ಣು ಬಿಟ್ಟು ಬಹಳ ದಿನವಾದಂತಿರಲಿಲ್ಲ. ತಾಯಿಯ ಹಾಲು ಬಿಡಿಸುವ ಮೊದಲೇ ತಂದರೆ ಹೊಸ ಮನೆಯನ್ನು ಬೇಗ ಹಚ್ಚಿಕೊಳ್ಳುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಎಳೆಯದನ್ನು ಹಾಗೆ ಬೇಗ ಬೇರ್ಪಡಿಸಬಾರದು ಎಂದು ಹೇಳುವವರು ಆಗ ನಮ್ಮ ಸುತ್ತ ಯಾರೂ ಇರಲಿಲ್ಲ.

ಮೊದಮೊದಲು ಅದು ಅಳುತ್ತಲೇ ಇತ್ತು. ಆಯಿ ಹಿತ್ತಿಲ ಜಗಲಿಯಲ್ಲಿ ಗೋಣಿಚೀಲದ ಮೇಲೆ ತನ್ನ ಹಳೆಯ ಸೀರೆ ಮಡಚಿ ಹಾಕಿ, ಅದರ ಪಕ್ಕದಲ್ಲೇ ಕೂತು ಅಕ್ಕಿ ಆರಿಸಿದಳು, ಉದ್ದು ಆರಿಸಿದಳು, ಆರಿಸಿ ಮುಗಿದದ್ದನ್ನೇ ಮತ್ತೆ ಆರಿಸಿದಳು. ನಾಯಿ ಹೊಸಿಲು ದಾಟಬಾರದು ಎಂದು ಅಜ್ಜಿ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಆದರೆ ತಾನು ಹೊಸಿಲು ದಾಟಿ ಹೋಗಿ ಅದನ್ನು ನೋಡಿ ಬರಲು ಅಡ್ಡಿಯಿರಲಿಲ್ಲ. ನಮ್ಮನ್ನೆಲ್ಲ ಸಾಕಿದ ಹಾಗೆಯೇ ಅದನ್ನೂ ಸಾಕತೊಡಗಿದಳು. ಬಜೆಬೇರನ್ನು ಕಲ್ಲಿಗೆ ತೇಯ್ದು ಕೂಸುಗಳಿಗೆ ನೆಕ್ಕಿಸುವಂತೆ ಅದಕ್ಕೂ ನೆಕ್ಕಿಸಿದಳು. ಅದು ಮುಖ ಸಿಂಡರಿಸಿ ಸೀನಿತು. ದೃಷ್ಟಿಯಾಗದಿರಲಿ ಎಂದು ಹಣೆಗೆ ಮಸಿಬೊಟ್ಟು ಇಟ್ಟಳು, ಕಂದು ಕೂದಲಿನಲ್ಲಿ ಆ ಬೊಟ್ಟು ಯಾರಿಗೂ ಕಾಣುತ್ತಿರಲಿಲ್ಲ. ದೊಡ್ಡ ಲೋಟದ ತುಂಬ ದನದ ಹಾಲು ಕುಡಿಸಿದಳು. ಮರುದಿನ ಜಗಲಿಯನ್ನು ಸೆಗಣಿ ಹಾಕಿ ಸಾರಿಸಬೇಕಾಗಿ ಬಂತು, ಅದರ ಮರುದಿನವೂ. ಹಾಲು ಒಗ್ಗುವುದಿಲ್ಲ ಎಂದಾದ ಮೇಲೆ ಮಜ್ಜಿಗೆ ಅನ್ನ, ಅನ್ನ ಬೇಸರ ಬಂದೀತೆಂದು ಇಡ್ಲಿ, ಇಡ್ಲಿ ಸಪ್ಪೆಯಾದೀತೆಂದು ಬನ್ಸು.

ಬನ್ಸು ಅದಕ್ಕೆ ಹಿಡಿಸಿಬಿಟ್ಟಿತು. ಮೆಟ್ಟಿಲಿನ ಕೆಳಗೆ ಕೂತು ತಿನ್ನುವವರ ಕೈಯನ್ನೇ ನೋಡುತ್ತಿತ್ತು. ನೋಡಿದವರಿಗೆ ಕೊಡದೆ ತಿನ್ನುವುದು ಹೇಗೆ? ಒಬ್ಬರು ಅಂಚು ಮುರಿದು ಹಾಕಿದರೆ ಇನ್ನೊಬ್ಬರು ಅರ್ಧ ಹಾಕುತ್ತಿದ್ದರು. ಲಾರಿಯವರು ಚಾದಲ್ಲಿ ಅದ್ದಿಯೇ ಹಾಕುತ್ತಿದ್ದರು. ಗಿರಾಕಿಗಳು ಅದಕ್ಕೆ ಬನ್ಸ ಎಂದೇ ಹೆಸರಿಟ್ಟರು, ಅಪ್ಪ ಹೌದು ಹೌದು ಎಂದ, ಹೆಸರು ನಿಂತಿತು. ಹೊಟ್ಟೆ ದಿನದಿಂದ ದಿನಕ್ಕೆ ಉರುಟಾಯಿತು. ಎಲ್ಲರೂ ಹೊಟ್ಟೆ ತಟ್ಟಿ ಸಾಕಣೆ ಎಂದರೆ ಇದು ಎಂದು ಮೆಚ್ಚಿದರು. ಹೊಟ್ಟೆಯ ಕೆಳಗೆ ಏನಾಗುತ್ತಿದೆ ಎಂದು ನೋಡಿದವಳು ಆಯಿಯೊಬ್ಬಳೇ. ಮುಂಗಾಲುಗಳು ಹೊರಕ್ಕೆ ಬಾಗುತ್ತಿದ್ದವು. ಮಣಿಗಂಟು ಊದಿಕೊಂಡಿತ್ತು. ಯಾರಾದರೂ ಎತ್ತಿ ಹೋಟೆಲಿನ ನುಣುಪು ನೆಲದ ಮೇಲೆ ನಿಲ್ಲಿಸಿದರೆ ಕಾಲು ಎರಡೂ ಬದಿಗೆ ಜಾರಿ ಎದೆ ನೆಲಕ್ಕೆ ತಾಗುತ್ತಿತ್ತು. ಗಿರಾಕಿಗಳು ನಗುತ್ತಿದ್ದರು. ಕೊನೆಗೊಂದು ದಿನ ಅದು ಏಳಲು ಹೋಗಿ ಕೂಗಿತು, ಮತ್ತೆ ಏಳಲಿಲ್ಲ. ಕೂತಲ್ಲಿಂದಲೇ ಬನ್ಸಿಗೆ ಬಾಯಿ ತೆರೆಯಿತು. ಆಯಿ ಅದನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಳು, ನನ್ನ ಕೈ ಹಿಡಿದಳು, ಹಿತ್ತಿಲ ದಾರಿಯಿಂದ ದನದ ಆಸ್ಪತ್ರೆಗೆ ಹೊರಟಳು. ಅಪ್ಪನಿಗೂ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಅವಳು ಹೇಳದೆ ಹೊರಟದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು. ನನಗೆ ಹೆದರಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

ಡಾಕ್ಟರು ಹಾವೇರಿ ಕಡೆಯವರು. ಮರಿಯನ್ನು ತಕ್ಕಡಿಯಲ್ಲಿಟ್ಟರು, ತುಟಿ ಎತ್ತಿ ಒಸಡು ನೋಡಿದರು, ಹೊಟ್ಟೆಯನ್ನು ಬೆರಳಲ್ಲಿ ಒತ್ತಿದರು, ಕಾಲುಗಳನ್ನು ಒಂದೊಂದಾಗಿ ಹಿಡಿದು ನೋಡಿದರು. ಆಮೇಲೆ ಆಯಿಯ ಕಡೆ ತಿರುಗಿದರು.

"ಏನ್ ತಿನಸ್ತೀರಿ ಇದಕ್ಕ?"

"ಅನ್ನ, ಇಡ್ಲಿ, ಬನ್ಸು."

"ದಿನಕ್ಕ ಎಷ್ಟು ಸಲ?"

"ಕೇಳಿದಾಗೆಲ್ಲ."

"ಯಾವಾಗ ಕೇಳತೈತಿ?"

ಆಯಿ ಯೋಚಿಸಿದಳು.

"ಯಾವಾಗ್ಲೂ," ಎಂದಳು.

ಡಾಕ್ಟರು ನಗಲಿಲ್ಲ. ಹೊಟ್ಟೆಯಲ್ಲಿ ಇರುವುದು ಕೊಬ್ಬಲ್ಲ, ಹುಳ ಎಂದರು. ಎಲುಬು ಬೆಳೆಯಲು ಬೇಕಾದದ್ದು ಬನ್ಸಿನಲ್ಲಿ ಇಲ್ಲ. ಮೈ ಭಾರವಾಗುತ್ತಿದೆ, ಕಾಲಿಗೆ ಹೊರುವ ಶಕ್ತಿಯಿಲ್ಲ, ಹೀಗೇ ಬಿಟ್ಟರೆ ಕಾಲು ಪೂರ್ತಿ ಸೊಟ್ಟಗಾಗಿ ತೆವಳಿಕೊಂಡೇ ಇರಬೇಕಾದೀತು, ಆಮೇಲೆ ಬಹಳ ದಿನ ಬದುಕುವುದೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಹುಳಕ್ಕೆ ಒಂದು ಔಷಧಿ, ಎಲುಬಿಗೆ ಒಂದು ಬಾಟಲಿ ಕೊಟ್ಟರು. ಹುಳ ಹೋದ ಮೇಲೆ ಸೂಜಿ ಹಾಕಿಸಲು ಕರೆತರಬೇಕು, ಸೂಜಿಯಾಗುವವರೆಗೆ ಬೀದಿನಾಯಿಗಳ ಜೊತೆ ಬಿಡಬಾರದು. ಬೆಳಗಿನ ಬಿಸಿಲಿಗೆ ಬಿಡಬೇಕು, ನುಣುಪು ನೆಲದ ಮೇಲಲ್ಲ, ಮಣ್ಣಿನ ಮೇಲೆ. ಹೊತ್ತು ಹೊತ್ತಿಗೆ ಮಾತ್ರ ಹಾಕಬೇಕು, ತಿಂದು ಬಿಟ್ಟದ್ದನ್ನು ಎತ್ತಿಬಿಡಬೇಕು.

"ಮತ್ತ ದಿನಾ ಒಂದ್ ಮೊಟ್ಟಿ ಬೇಯಿಸಿ ಕೊಡ್ರಿ."

ಆಯಿ ಮರಿಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡಳು.

"ಮೊಸರು ಕೊಟ್ರೆ ಸಾಲದಾ?" ಎಂದು ಕೇಳಿದಳು.

"ಮೊಸರು ಕೊಡ್ರಿ, ಬ್ಯಾಡನ್ನಂಗಿಲ್ಲ. ಅದರಿಂದನ ಆಗೂದಿಲ್ಲ ನೋಡ್ರಿ. ನಿಮ್ಮ ಮನೀಗೆ ಬಂತು ಅಂತ ಅದೇನು ಭಟ್ರು ಆಗೂದಿಲ್ಲ. ನಾಯಿ ನಾಯೀನ."

ನಾನು ನಕ್ಕೆ. ಆಯಿ ನನ್ನ ತಲೆಗೆ ಮೆಲ್ಲಗೆ ತಟ್ಟಿದಳು. ತಿರುಗಿ ಮನೆಯ ದಾರಿ ಹಿಡಿದೆವು. ಮರಿ ಅವಳ ಸೆರಗಿನೊಳಗಿಂದ ತಲೆ ಹೊರಹಾಕಿ ಲಾರಿಗಳನ್ನು ನೋಡುತ್ತಿತ್ತು.

ಮೊಟ್ಟೆ ಎಂಬ ಶಬ್ದವನ್ನು ನಮ್ಮ ಮನೆಯೊಳಗೆ ಯಾರಾದರೂ ಅದಕ್ಕೆ ಮೊದಲು ಉಚ್ಚರಿಸಿದ್ದರೋ ಇಲ್ಲವೋ ಗೊತ್ತಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಅಪ್ಪ ಹಿತ್ತಿಲ ಜಗಲಿಗೆ ಬಂದು ಎಲೆಯಡಿಕೆಯ ಕವಳದ ತಟ್ಟೆ ಎಳೆದುಕೊಂಡಾಗ ಆಯಿ ಹೇಳಿದಳು. ಅಪ್ಪನ ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ಅವನಿಗೆ ಸಿಟ್ಟು ಬಂದಿರಲಿಲ್ಲ, ಹೆದರಿಕೆ ಬಂದಿತ್ತು. ಅದಕ್ಕೆ ಕಾರಣವಿತ್ತು. ನಮ್ಮ ಹೋಟೆಲಿಗೆ ಪ್ರತಿ ಸಂತೆಗೆ ಜೋಯಿಸರೊಬ್ಬರು ಬರುತ್ತಿದ್ದರು. ಸುತ್ತಿನ ಊರುಗಳ ಮದುವೆ ಮುಂಜಿಗಳೆಲ್ಲ ಅವರ ಪೌರೋಹಿತ್ಯದಲ್ಲಿ ನಡೆಯುತ್ತಿದ್ದವು. ಲಾಡು, ಚಕ್ಕುಲಿ ಎಲ್ಲಿ ಮಾಡಿಸುವುದು ಎಂದು ಜನ ಕೇಳಿದರೆ ಅವರು ಅಪ್ಪನ ಹೆಸರು ಹೇಳುತ್ತಿದ್ದರು. ಬನ್ಸು ಚಾದಿಂದ ದಿನದ ಖರ್ಚು ನಡೆದರೆ, ಮನೆ ನಡೆಯುತ್ತಿದ್ದದ್ದು ಆ ಲಾಡುಗಳಿಂದ. ಜೋಯಿಸರು ಬೇರೆ ಹೋಟೆಲಿನಲ್ಲಿ ನೀರು ಸಹ ಮುಟ್ಟುತ್ತಿರಲಿಲ್ಲ. ನಮ್ಮಲ್ಲಿ ಕೂರುತ್ತಿದ್ದದ್ದು ಅಜ್ಜಿಯ ಮಡಿಯನ್ನು ನಂಬಿ.

"ಬೋರ್ಡಿನ ಮೇಲೆ ಎಂತ ಬರದ್ದು ಹೇಳಿ ಗೊತ್ತಿದ್ದಲೇ ನಿಂಗೆ?" ಅಪ್ಪ ಕೇಳಿದ.

"ಮರಿಗೆ ಓದಲೆ ಬತ್ತಿಲ್ಲೆ," ಎಂದಳು ಆಯಿ.

ಅದು ತಮಾಷೆಯೋ ಉತ್ತರವೋ ಅಪ್ಪನಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ.

"ಜೋಯಿಸರಿಗೆ ಗೊತ್ತಾದ್ರೆ ಮುಗದೋತು. ಬಪ್ಪ ಸಂತೆಗೆ ಮಾಗೋಡಿನವ್ವು ಬತ್ತ. ಅವರ ಕೈಲಿ ವಾಪಸ್ ಕಳಿಸಿಬಿಡ್ವ. ಅಲ್ಲಾದ್ರೆ ಬೇಕಾದ್ದು ತಿಂದ್ಕಂಡಿರ್ತು."

"ನಡೆಯಲೆ ಆಗದಿದ್ದ ಮರಿಯ ಯಾರು ಸಾಕ್ತ? ಅದು ಎಲ್ಲಿಗೂ ಹೋಗ್ತಿಲ್ಲೆ."

"ಮತ್ತೆಂತ ಮಾಡದು?"

"ಆನು ಬೇಯಿಸ್ತೆ."

ಆಯಿಯ ದನಿ ಏರಿರಲಿಲ್ಲ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದು ಹೇಳುವಾಗ ಎಷ್ಟಿರುತ್ತದೋ ಅಷ್ಟೇ ಇತ್ತು. ಆದರೆ ಮರಿಯ ಬೆನ್ನ ಮೇಲಿಟ್ಟ ಕೈಯನ್ನು ಅವಳು ತೆಗೆಯಲಿಲ್ಲ. ಆ ಮನೆಯಲ್ಲಿ ಆಯಿಯದು ಎಂದು ಬಂದ ಮೊದಲ ಜೀವ ಅದು. ಅದು ಹೋದರೆ ಅವಳು ಇನ್ನು ಏನನ್ನೂ ಕೇಳುವುದಿಲ್ಲ ಎಂದು ನನಗೆ ಆ ಕ್ಷಣಕ್ಕೆ ಖಚಿತವಾಗಿ ಅನ್ನಿಸಿತು. ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದವಳು ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಡಾಕ್ಟ್ರು ಕೊಡು ಹೇಳಿದ ಮೇಲೆ ಅದು ಔಷಧಿ," ಎಂದಳು. "ಆದ್ರೆ ಕೇಳಿಲ್ಲಿ ಗೌರಿ. ಅದು ಹೊಸಿಲು ದಾಟಲಾಗ. ಬಚ್ಚಲೊಲೆಯಲ್ಲಿ ಬೇಯಿಸು. ಪಾತ್ರೆ ಬೇರೆ. ಮುಟ್ಟಿದ ಮೇಲೆ ಮಿಂದ್ಕಂಡೇ ಒಳಗೆ ಬರವು."

"ಅಡ್ಡಿಲ್ಲೆ ಅತ್ತೆ."

"ಮುಂದಿನವಕ್ಕೆ ಯಾರಿಗೂ ಗೊತ್ತಪ್ಪಲಾಗ," ಎಂದು ಅಪ್ಪ ತನ್ನದೊಂದು ಷರತ್ತು ಸೇರಿಸಿ ಎದ್ದುಹೋದ. ಕವಳ ಹಾಕುವುದನ್ನೂ ಮರೆತಿದ್ದ.

ಹೀಗೆ ನಮ್ಮ ಮನೆಯಲ್ಲಿ ಕದ್ದುಮುಚ್ಚಿ ನಡೆಯುವ ಒಂದು ವ್ರತ ಶುರುವಾಯಿತು. ಪಕ್ಕದ ಮನೆಯ ಸರೋಜಕ್ಕ ಕೋಳಿ ಸಾಕಿದ್ದಳು. ಹೋಟೆಲಿನಲ್ಲಿ ಉಳಿದ ಇಡ್ಲಿ, ಅನ್ನ ಅವಳ ಕೋಳಿಗಳಿಗೆ ಮೊದಲಿನಿಂದಲೂ ಹೋಗುತ್ತಿತ್ತು, ಈಗ ಮೊಟ್ಟೆ ಬೇಲಿ ದಾಟಿ ಬರತೊಡಗಿತು. ಸೆರಗಿನ ಅಡಿಯಲ್ಲಿ ಮುಚ್ಚಿಕೊಂಡು ಬಂದು, "ತಕಳ್ರಿ ಗೌರಕ್ಕ, ನಿಮ್ಮ ಮಗನಿಗೆ ಪ್ರಸಾದ," ಎನ್ನುತ್ತಿದ್ದಳು. ಬಚ್ಚಲುಮನೆಯ ಒಲೆಯಲ್ಲಿ ಹಂಡೆಯ ನೀರು ಕಾಯಲು ಬೆಂಕಿ ದಿನವಿಡೀ ಇರುತ್ತಿತ್ತು. ಆಯಿ ಅದರ ಬಾಯಲ್ಲಿ ಒಂದು ಹಳೆಯ ತಗಡಿನ ಡಬ್ಬಿ ಇಟ್ಟು ಮೊಟ್ಟೆ ಬೇಯಿಸುತ್ತಿದ್ದಳು. ಸಿಪ್ಪೆ ಸುಲಿದು, ಅನ್ನದ ಜೊತೆ ಕಿವುಚಿ, ಮರಿಯ ಮುಂದೆ ಇಡುತ್ತಿದ್ದಳು. ಮೊದಲ ದಿನ ಅದು ಮೂಸಿ ಹಿಂದೆ ಸರಿಯಿತು. ನನ್ನ ಕಡೆ ನೋಡಿತು, ಬನ್ಸು ಎಲ್ಲಿ ಎನ್ನುವ ಹಾಗೆ. ಆಮೇಲೆ ಒಂದು ಸಲ ನೆಕ್ಕಿತು. ನೆಕ್ಕಿದ್ದೇ ತಡ, ತಟ್ಟೆಯೇ ಅಲುಗಾಡತೊಡಗಿತು. ಸಿಪ್ಪೆಯನ್ನು ಬೂದಿಗುಂಡಿಯಲ್ಲಿ ಹುಗಿದ ಮೇಲೆ ಆಯಿ ಮೀಯುತ್ತಿದ್ದಳು. ಬೆಳಿಗ್ಗೆ ಒಮ್ಮೆ ಮಿಂದೇ ಅಡಿಗೆಗೆ ಇಳಿದವಳು ಎರಡನೆಯ ಸಲ ಒದ್ದೆ ತಲೆಯಲ್ಲಿ ದೋಸೆ ಕಲ್ಲಿನ ಮುಂದೆ ನಿಲ್ಲುತ್ತಿದ್ದಳು. ಮಾಗಿಯ ಚಳಿಯಲ್ಲಿಯೂ ಒಂದು ದಿನವೂ ಅದಕ್ಕೆ ಬೇಸರ ಮಾಡಲಿಲ್ಲ. ಅಜ್ಜಿಯ ಮೇಲೆ ಸಿಟ್ಟು ಬಂದದ್ದು ನನಗೆ, ಆಯಿಗಲ್ಲ.

ಮೊಟ್ಟೆಗಿಂತ ಕಷ್ಟವಾದದ್ದು ಕೊಡದೇ ಇರುವುದು. ಬನ್ಸ ಕಣ್ಣು ಅಗಲಿಸಿ ಕೂತರೆ ಅಜ್ಜಿಯ ಕೈ ತಾನಾಗಿ ಪಾತ್ರೆಗೆ ಹೋಗುತ್ತಿತ್ತು. ಉಳಿದ ಅನ್ನದ ತಟ್ಟೆಯನ್ನು ಆಯಿ ಎತ್ತಿಕೊಂಡು ಹೋದರೆ, ತಿನ್ನುವವರ ಮುಂದಿನ ಎಲೆ ಎಳೆದ ಪಾಪ ಎಂದು ಅಜ್ಜಿ ಗೊಣಗುತ್ತಿದ್ದಳು. ಗಿರಾಕಿಗಳಿಂದ ದೂರವಿಡಲು ಅದನ್ನು ಹಿತ್ತಿಲಲ್ಲೇ ಇಟ್ಟೆವು. ಅಂಗಳದ ಬಿಸಿಲಲ್ಲಿ ನಾನು ತೆಂಗಿನ ಸಿಪ್ಪೆಯನ್ನು ದಾರಕ್ಕೆ ಕಟ್ಟಿ ಎಳೆಯುತ್ತಿದ್ದೆ, ಅದು ಕುಂಟುತ್ತ ಹಿಂದೆ ಬರುತ್ತಿತ್ತು. ಹುಳದ ಔಷಧಿ ಕುಡಿಸಿದ ಮೇಲೆ ಹೊರಬಿದ್ದ ಹುಳಗಳನ್ನು ನೋಡಿ ಅಜ್ಜಿಗೆ ತನ್ನ ಬಜೆಯ ಮೇಲಿದ್ದ ನಂಬಿಕೆ ಸ್ವಲ್ಪ ಅಲುಗಿತು. ಸೂಜಿ ಹಾಕಿಸಿಕೊಂಡು ಬಂದ ದಿನ ಬನ್ಸ ಮುದುಡಿ ಮಲಗಿತ್ತು, ಅಪ್ಪ ಗಲ್ಲಾ ಬಿಟ್ಟು ಬಂದು ದೂರದಿಂದಲೇ ನೋಡಿ ಹೋದ. ಏನಾಯಿತು ಎಂದು ಕೇಳಲಿಲ್ಲ. ಕೇಳಿದರೆ ಮೊಟ್ಟೆಗೆ ಒಪ್ಪಿದ ಹಾಗಾದೀತು ಎಂದುಕೊಂಡಿರಬೇಕು.

ಈಗ ನಾನಿರುವುದು ಶಿರಸಿಯಲ್ಲಿ. ನಮ್ಮ ಬೀದಿಯವರು ನಾಯಿಮರಿ ತಂದರೆ ನನ್ನನ್ನು ಕರೆಯುತ್ತಾರೆ. ಅದರ ಹಾಸಿಗೆ, ಆಟಿಕೆ, ಚೀಲದಲ್ಲಿ ಬರುವ ಆಹಾರ, ಸೂಜಿಯ ಕಾರ್ಡು ಎಲ್ಲ ತೋರಿಸುತ್ತಾರೆ. ನಾನು ಮೊದಲು ಅದನ್ನು ಮಣ್ಣಿನ ಮೇಲೆ ನಿಲ್ಲಿಸಿ ಮುಂಗಾಲು ನೋಡುತ್ತೇನೆ. ಆಮೇಲೆ ಮನೆಯವರಲ್ಲಿ ಬಡಿಸುವ ಚಟ ಯಾರಿಗಿದೆ ಎಂದು ವಿಚಾರಿಸುತ್ತೇನೆ, ಪ್ರತಿ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಕಟುವಾಗಿಯೇ ಹೇಳುತ್ತೇನೆ. ಈ ಹೆಂಗಸು ಬಹಳ ನಿಷ್ಠುರ ಎಂದು ಹೆಸರಾಗಿದೆ, ಆಗಲಿ. ಪ್ರೀತಿಯಿಂದಲೇ ಒಂದು ಜೀವವನ್ನು ಕುಂಟು ಮಾಡಬಹುದು ಎಂದು ನಾನು ಕಣ್ಣಾರೆ ನೋಡಿದವಳು. ನನಗೆ ಮಕ್ಕಳಾದಾಗಲೂ ಬೇಡ ಎಂದದ್ದನ್ನು ಮೊದಲ ಸಲಕ್ಕೇ ನಂಬಿದೆ. ಅದಕ್ಕೆ ಅಜ್ಜಿ ಬದುಕಿದ್ದಿದ್ದರೆ ನನ್ನ ಮಕ್ಕಳು ಉಪವಾಸ ಬಿದ್ದಿವೆ ಎಂದು ಊರಿಗೆಲ್ಲ ಹೇಳುತ್ತಿದ್ದಳು.

ಆ ವರ್ಷ ಚಳಿ ಕಳೆದು ಮಾವಿನ ಮಿಡಿ ಬರುವ ಹೊತ್ತಿಗೆ ಬನ್ಸನ ಕಾಲು ನೆಟ್ಟಗಾಗತೊಡಗಿತ್ತು. ಎಡಗಾಲು ಮಾತ್ರ ಸ್ವಲ್ಪ ಹೊರಕ್ಕೆ ತಿರುಗಿತ್ತು, ಕೊನೆಯವರೆಗೂ ಹಾಗೇ ಉಳಿಯಿತು. ಈಗ ಅದು ಓಡುತ್ತಿತ್ತು, ನೆಗೆಯುತ್ತಿತ್ತು, ಮುಖ್ಯವಾಗಿ ಅಗೆಯುತ್ತಿತ್ತು. ಆಯಿ ನೆಟ್ಟ ಶುಂಠಿಯನ್ನು ಅಗೆಯಿತು, ಅಜ್ಜಿಯ ತುಳಸಿ ಬುಡಕ್ಕೆ ಕೈ ಹಾಕಿ ಬೈಸಿಕೊಂಡಿತು. ಒಂದು ಸಂತೆಯ ದಿನ ಬೂದಿಗುಂಡಿಯನ್ನೂ ಅಗೆಯಿತು. ಆಗ ನಾನು ಹೋಟೆಲಿನಲ್ಲಿ ನೀರಿನ ಲೋಟ ಇಡುತ್ತಿದ್ದೆ. ಬೆಂಚುಗಳು ತುಂಬಿದ್ದವು. ಜೋಯಿಸರು ತಮ್ಮ ಎಂದಿನ ಮೂಲೆಯಲ್ಲಿ ಕೂತು ದೋಸೆ ಮುರಿಯುತ್ತಿದ್ದರು. ಬನ್ಸ ಪಕ್ಕದ ಓಣಿಯಿಂದ ರಸ್ತೆಗೆ ಬಂದು, ಹಿಂದೆ ಒಂದು ದಿನವೂ ತಾನಾಗಿ ಹತ್ತದಿದ್ದ ಆ ಮೂರು ಮೆಟ್ಟಿಲುಗಳನ್ನು ಒಂದೇ ಸಮನೆ ಹತ್ತಿ ಒಳಗೆ ಬಂತು. ಮೂತಿಯೆಲ್ಲ ಬೂದಿ. ಬಾಯಲ್ಲಿ ಏನನ್ನೋ ಮೆಲ್ಲಗೆ ಕಚ್ಚಿಕೊಂಡಿತ್ತು. ಸೀದಾ ಮೂಲೆಗೆ ನಡೆದು, ಜೋಯಿಸರ ಕಾಲಬುಡದಲ್ಲಿ ಅದನ್ನು ಇಟ್ಟು, ಬಾಲ ಅಲ್ಲಾಡಿಸುತ್ತ ನಿಂತಿತು. ಅರ್ಧ ಮೊಟ್ಟೆಯ ಸಿಪ್ಪೆ. ಒಳಗಿನ ಬಿಳಿ ಪೊರೆ ಸಹ ಹಾಗೇ ಇತ್ತು.

ಜೋಯಿಸರು ಕಾಲು ಹಿಂದೆಗೆದರು.

"ಇದೆಂತದೋ ಸುಬ್ರಾಯ?"

ಅಪ್ಪ ಗಲ್ಲಾದಿಂದ ಎದ್ದು ನಿಂತ. ಹೌದು ಹೌದು ಎನ್ನಲು ಅಲ್ಲಿ ಏನೂ ಇರಲಿಲ್ಲ.

"ಅದು... ಪಕ್ಕದ ಮನೆಯವ್ವು ಕೋಳಿ ಸಾಕಿದ್ದ. ಎಲ್ಲಿ ಬೇಕಲ್ಲಿ ಚೆಲ್ತ. ಎಷ್ಟು ಹೇಳಿದ್ರೂ..."

ಪರದೆ ಸರಿಯಿತು. ಮೊದಲು ಕೈ ಬಂತು, ಆಮೇಲೆ ಆಯಿ ಪೂರ್ತಿ ಬಂದಳು. ಸೊಂಟಕ್ಕೆ ಸಿಕ್ಕಿಸಿದ ಸೀರೆ, ಮೊಣಕೈವರೆಗೆ ಹಿಟ್ಟು. ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಆಯಿ ಜೋಯಿಸರ ಕಡೆ ನೋಡದೆ ಅಪ್ಪನನ್ನೇ ನೋಡುತ್ತ ಹೇಳಿದಳು.

"ಪಕ್ಕದ ಮನೆಯವರ ಮೇಲೆ ಹಾಕಡಿ. ಅದು ಎಂಗಳ ಮನೆದೇಯ."

ಆಮೇಲೆ ಜೋಯಿಸರ ಕಡೆ ತಿರುಗಿದಳು.

"ಮರಿಗೆ ಕಾಲಲ್ಲಿ ಬಲ ಇತ್ತಿಲ್ಲೆ. ಡಾಕ್ಟ್ರು ಹೇಳಿದ್ದಕ್ಕೆ ಬೇಯಿಸಿ ಹಾಕ್ತೆ. ಬಚ್ಚಲೊಲೆಯಲ್ಲಿ. ಅಡಿಗೆಮನೆಗೆ ಬಂಜಿಲ್ಲೆ. ಆನು ಮಿಂದ್ಕಂಡೇ ನಿಂಗಕ್ಕೆ ದೋಸೆ ಎರದ್ದು."

ಬನ್ಸ ಅವಳ ದನಿ ಕೇಳಿ ಓಡಿ ಹೋಗಿ ಅವಳ ಪಾದದ ಮೇಲೆ ಕೂತಿತು. ಆಯಿ ಬಗ್ಗಿ ಸಿಪ್ಪೆ ಎತ್ತಿಕೊಂಡಳು. ಅಡಿಗೆಮನೆಗೆ ತಿರುಗಿ ಹೋಗಲಿಲ್ಲ, ಮುಂದಿನ ಮೆಟ್ಟಿಲಿಳಿದು ಓಣಿಯಿಂದ ಬಚ್ಚಲಿಗೆ ಹೋದಳು, ಮರಿ ಹಿಂದೆಯೇ ಹೋಯಿತು. ಜೋಯಿಸರು ಅರ್ಧ ದೋಸೆ ಬಿಟ್ಟು ಎದ್ದು, ಕೈ ತೊಳೆದು, ಚೀಲ ಹೆಗಲಿಗೇರಿಸಿ ಇಳಿದು ಹೋದರು. ಅವರ ಹಿಂದೆ ಇನ್ನಿಬ್ಬರು ಎದ್ದರು. ಉಳಿದವರು ಕೂತೇ ಇದ್ದರು. ಆ ಬೇಸಿಗೆಯ ಮುಂಜಿಗಳ ಲಾಡು ನಮಗೆ ಬರಲಿಲ್ಲ. ನಾನು ಅದನ್ನು ಮುಚ್ಚಿಡುವುದಿಲ್ಲ, ಆ ವರ್ಷ ನಮಗೆ ಕಷ್ಟವೇ ಆಯಿತು.

ಸಂಜೆ ಅಜ್ಜಿ ಮಾತಾಡಿದ್ದು ಒಂದೇ ವಾಕ್ಯ.

"ಮುಂದೆ ಹೋಪದಾದ್ರೆ ಒಂದು ಒಳ್ಳೆ ಸೀರೆ ಉಟ್ಕಂಡು ಹೋಗಲಾಗಿತ್ತು."

ಅಪ್ಪ ಊಟಕ್ಕೆ ಕೂತ, ಉಂಡ, ಎದ್ದ. ಆಯಿ ಬಡಿಸಿದಳು, ಅವನು ಬೇಡ ಎನ್ನಲಿಲ್ಲ, ಸಾಕು ಎನ್ನಲಿಲ್ಲ. ಬನ್ಸನನ್ನು ನಾಳೆಯೇ ಮಾಗೋಡಿಗೆ ಕಳಿಸುತ್ತಾನೆ ಎಂದು ನಾನು ಲೆಕ್ಕ ಹಾಕಿದೆ. ಮಲಗುವ ಮೊದಲು ಜಗಲಿಗೆ ಹೋಗಿ ಅದರ ಕಿವಿ ಸವರಿ ಬಂದೆ. ಆಯಿ ನನಗಿಂತ ಮೊದಲೇ ಅಲ್ಲಿ ಕೂತಿದ್ದಳು, ಮಡಿಲಲ್ಲಿ ಆರಿಸಲು ಅಕ್ಕಿಯೂ ಇರಲಿಲ್ಲ.

ಬೆಳಿಗ್ಗೆ ಮೊಟ್ಟೆ ಬರಲಿಲ್ಲ. ಪಕ್ಕದ ಮನೆಯವರು ಎಲ್ಲಿ ಬೇಕಲ್ಲಿ ಚೆಲ್ಲುತ್ತಾರೆ ಎಂದು ಅಪ್ಪ ಅಂದದ್ದು ಸರೋಜಕ್ಕನ ಕಿವಿಗೆ ಹೋಗಿತ್ತು. ಆಯಿ ಬೇಲಿಯ ಹತ್ತಿರ ಹೋಗಿ ನಿಂತಳು, ಕರೆಯಲು ಬಾಯಿ ಬರಲಿಲ್ಲ, ತಿರುಗಿ ಬಂದು ಒಲೆಯ ಬೆಂಕಿ ಸರಿಪಡಿಸಿದಳು. ಬನ್ಸ ಖಾಲಿ ತಟ್ಟೆಯ ಮುಂದೆ ಕೂತಿತ್ತು. ಹೋಟೆಲಿನಲ್ಲಿ ಅದು ಗದ್ದಲದ ಹೊತ್ತು, ಹುಬ್ಬಳ್ಳಿ ಬಸ್ಸಿನವರು ಇಳಿದಿದ್ದರು. ನಾನು ಲೋಟ ತರಲು ಮುಂದೆ ಹೋದಾಗ ಗಲ್ಲಾ ಖಾಲಿಯಿತ್ತು. ಅಂಥ ಹೊತ್ತಿನಲ್ಲಿ ಅಪ್ಪ ಗಲ್ಲಾ ಬಿಟ್ಟು ಹೋದವನೇ ಅಲ್ಲ. ಬಾಗಿಲಿಗೆ ಬಂದು ನೋಡಿದರೆ ಅವನು ಸರೋಜಕ್ಕನ ಅಂಗಳದಲ್ಲಿ ನಿಂತಿದ್ದ. ಏನು ಹೇಳಿದನೋ ನನಗೆ ಕೇಳಲಿಲ್ಲ. ತಲೆ ತಗ್ಗಿಸಿ ಹೇಳುತ್ತಿದ್ದ, ಸರೋಜಕ್ಕ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಆಮೇಲೆ ಅವಳು ಒಳಗೆ ಹೋಗಿ ಬಂದಳು.

ಅಪ್ಪ ಬೇಲಿಯ ದಾರಿ ಹಿಡಿಯಲಿಲ್ಲ. ರಸ್ತೆಗೆ ಇಳಿದು, ಲಾರಿಗಳ ಮುಂದಿನಿಂದ ನಡೆದು, ಹೋಟೆಲಿನ ಮೆಟ್ಟಿಲ ಹತ್ತಿರ ಬಂದ. ಅಂಗೈಯಲ್ಲಿ ಮೊಟ್ಟೆಯಿತ್ತು. ಮುಷ್ಟಿ ಮುಚ್ಚಿರಲಿಲ್ಲ, ಜೇಬಿಗೂ ಹಾಕಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ನೋಡಿದರು. ಒಬ್ಬರು ಲೆಕ್ಕ ಕೊಡಲು ಎದ್ದು ನಿಂತಿದ್ದರು.

"ಒಂದು ಗಳಿಗೆ ಕೂತ್ಗಳಿ. ಮರಿಗೆ ಹಸಿವಾಜು," ಎಂದು ಅವರಿಗೆ ಹೇಳಿ, ಓಣಿಯಿಂದ ಹಿತ್ತಿಲಿಗೆ ಹೋದ. ನಾನು ಲೋಟ ಅಲ್ಲೇ ಇಟ್ಟು ಹಿಂದೆ ಓಡಿದೆ.

ಆಯಿ ಒಲೆಯ ಮುಂದೆ ಕೂತಿದ್ದವಳು ಅವನ ಕೈ ನೋಡಿ ಎದ್ದಳು. ತೆಗೆದುಕೊಳ್ಳಲು ಕೈ ಚಾಚಿದಳು. ಅಪ್ಪ ಕೊಡಲಿಲ್ಲ. ಪಂಚೆ ಮೇಲಕ್ಕೆ ಕಟ್ಟಿ ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು, ಡಬ್ಬಿಯೊಳಗೆ ಮೊಟ್ಟೆಯನ್ನು ಮೆಲ್ಲಗೆ ಇಳಿಸಿದ.

"ಎಷ್ಟೊತ್ತು ಬೇಯಿಸವು ಇದ್ನ?"

"ನಿಂಗ ಹೋಗಿ. ಗಿರಾಕಿಗಳು ಕಾಯ್ತ. ಆನು ಮಾಡ್ತೆ."

"ಕಾಯ್ಲಿ," ಎಂದ ಅಪ್ಪ. "ನೀನು ಹೇಳು."